ಜಗ್ಗುವ ಪೋನಿಗೆ ಯಾವ ಕಡಿವಾಣ? ಹೊಸ ಸವಾರರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋನಿ ಅನ್ನುವ ಗಿಡ್ಡ ಜಾತಿಯ ಕುದುರೆ ನೋಡಲು ಚಿಕ್ಕದು, ಅದರ ಕುತ್ತಿಗೆಯ ಬಲ ಮಾತ್ರ ಚಿಕ್ಕದಲ್ಲ. ಮೇಲೆ ಕೂತಿರುವ ಮಗು 25-30 ಕಿಲೋ ತೂಗಿದರೆ ಹೆಚ್ಚು. ಕೆಳಗಿರುವ ಪ್ರಾಣಿ 200 ಕಿಲೋ ದಾಟಿರುತ್ತದೆ. ಇಬ್ಬರ ನಡುವೆ ಹಗ್ಗಜಗ್ಗಾಟ ಶುರುವಾದರೆ ಗೆಲ್ಲುವುದು ಯಾರು ಅಂತ ಹೇಳಬೇಕಾಗಿಲ್ಲ. "ಇದು ನಿಲ್ಲೋದೇ ಇಲ್ಲ, ಬೇರೆ ಬಿಟ್ ಹಾಕೋಣ್ವಾ?" ಅನ್ನುವ ಪ್ರಶ್ನೆ ಹುಟ್ಟುವುದು ಅಲ್ಲೇ.

ಕಡಿವಾಣ, ಬಿಟ್ ಎರಡನ್ನೂ ಇಲ್ಲಿ ಬಾಯೊಳಗೆ ಕೂರುವ ತುಂಡಿಗೆ ಬಳಸಿದ್ದೇನೆ. ತಲೆಗೆ ಹಾಕುವ ಪಟ್ಟಿಗಳೆಲ್ಲ ಸೇರಿ ಬ್ರೈಡಲ್. ಸವಾರನ ಕೈಯಲ್ಲಿರುವುದು ಲಗಾಮು.

ಪೋನಿ ಜಗ್ಗುತ್ತಿದೆ. ಇನ್ನೂ ಖಡಕ್ಕಾದ ಬಿಟ್ ಹಾಕಿದರೆ ಸರಿಹೋಗುತ್ತದಾ?

ಒಂದು ವಾರ ಸರಿಹೋದ ಹಾಗೆ ಕಾಣುತ್ತದೆ. ನಾನೇ ಮಾಡಿದ ತಪ್ಪು ಹೇಳುತ್ತೇನೆ, ಕೇಳಿ. ನಮ್ಮ ಮನೆಯ ಹುಡುಗಿ ಕಲಿಯುತ್ತಿದ್ದ ಕಂದು ಪೋನಿ ಕ್ಯಾಂಟರ್ ಅನ್ನುವ ಹದವಾದ ಓಟಕ್ಕೆ ಬಿದ್ದರೆ ಸಾಕು, ತಲೆ ಕೆಳಗೆ ಹಾಕಿ ಗೇಟಿನ ಕಡೆ ನುಗ್ಗುತ್ತಿತ್ತು. ಯಾರೋ ಹೇಳಿದರು ಅಂತ ಮೂರು ಉಂಗುರದ ಗ್ಯಾಗ್ ಅನ್ನುವ ಖಡಕ್ ಬಿಟ್ ತಂದು ಹಾಕಿದೆ. ಲಗಾಮನ್ನು ಕಟ್ಟಕಡೆಯ ಉಂಗುರಕ್ಕೇ ಕಟ್ಟಿದೆ. ಮೂರು ದಿನ ಹೊಸ ಬ್ರೇಕ್ ಹಾಕಿಸಿದ ಗಾಡಿಯ ಹಾಗೆ ನಿಂತಿತು. ನಾಲ್ಕನೇ ದಿನ ನೆಲದ ಮೇಲಿಟ್ಟ ಕೋಲು ದಾಟುವಾಗ ಹುಡುಗಿ ಹಿಂದಕ್ಕೆ ವಾಲಿದಳು, ಆಸರೆಗೆ ಅಂತ ಲಗಾಮಿಗೇ ಜೋತುಬಿದ್ದಳು. ಪೋನಿ ಮುಂಗಾಲೆತ್ತಿ ನಿಂತುಬಿಟ್ಟಿತು. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಆಮೇಲೆ ಡಾಕ್ಟರ್ ಪೋನಿಯ ಬಾಯಿ ಅಗಲಿಸಿ ನೋಡಿದರೆ ಹಲ್ಲಿನ ಅಂಚು ತಾಗಿ ತಾಗಿ ಕೆನ್ನೆಯ ಒಳಗೆ ಗಾಯವಾಗಿತ್ತು. ಅದು ಜಗ್ಗುತ್ತಿದ್ದದ್ದು ಸೊಕ್ಕಿಗಲ್ಲ, ನೋವಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ಕತೆ.

ನೋವಾದಾಗ ನಿಂತು ಯೋಚಿಸುವ ಪ್ರಾಣಿ ಅಲ್ಲ ಇದು. ಓಡಿ ತಪ್ಪಿಸಿಕೊಳ್ಳುವ ಜಾತಿ. ಬಾಯಿಗೆ ನೋವು ಜಾಸ್ತಿಯಾದಷ್ಟೂ ಓಟವೂ ಜಾಸ್ತಿಯಾಗಬಹುದು. ಹಾಗಾಗಿ ಮೊದಲು ಹಲ್ಲು, ಜೀನು, ಮೇವು ನೋಡಿ. ಸವಾರನ ಕೈಯನ್ನೂ ನೋಡಿ. ಅಂಗಡಿಗೆ ಹೋಗುವುದು ಆಮೇಲೆ.

ಅಷ್ಟಕ್ಕೂ ಬಿಟ್ ಒತ್ತುವುದು ಎಲ್ಲಿಗೆ?

ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆ. ಬಿಟ್ ಕೂರುವುದು ಅಲ್ಲಿ. ಅಲ್ಲಿನ ವಸಡಿನ ಕೆಳಗೆ ಮಾಂಸ ಅನ್ನುವುದೇ ಇಲ್ಲ, ತೆಳು ಚರ್ಮ, ಅದರಡಿ ಎಲುಬಿನ ಅಂಚು. ಹೇಗಿರುತ್ತದೆ ಅಂತ ಗೊತ್ತಾಗಬೇಕಾದರೆ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಒಂದು ಪೆನ್ಸಿಲ್ ಅಡ್ಡ ಇಟ್ಟು ಒತ್ತಿ ನೋಡಿ. ಆಮೇಲೆ ಅದನ್ನೇ ಸ್ವಲ್ಪ ಕುಕ್ಕಿ ನೋಡಿ. ಟ್ರಾಟ್ ಅನ್ನುವ ನಿಧಾನದ ಓಟದಲ್ಲಿ ಕುಲುಕುವ ಮಗುವಿನ ಕೈ ಮಾಡುವುದು ಈ ಎರಡನೆಯದನ್ನು.

ವಸಡಲ್ಲದೆ ನಾಲಿಗೆ, ಕಟಬಾಯಿ, ಕೆಲವೊಮ್ಮೆ ಅಂಗುಳಕ್ಕೂ ಒತ್ತಡ ಬೀಳುತ್ತದೆ. ಸನ್ನೆಕೋಲಿನ ಹಾಗೆ ಕೆಲಸ ಮಾಡುವ ಬಿಟ್‌ಗಳಾದರೆ ಕಿವಿಯ ಹಿಂದಿನ ನೆತ್ತಿ, ಗದ್ದದ ಕೆಳಗಿನ ತಗ್ಗು ಕೂಡ ಸೇರಿಕೊಳ್ಳುತ್ತವೆ. ಬಿಟ್‌ಗೆ ಅಂತಲೇ ಬಾಯಲ್ಲಿ ಖಾಲಿ ಜಾಗ ಇರುತ್ತದೆ ಅಂದುಕೊಳ್ಳಬೇಡಿ. ಬಾಯಿ ಮುಚ್ಚಿದಾಗ ನಾಲಿಗೆಯೇ ಅಲ್ಲೆಲ್ಲ ತುಂಬಿಕೊಂಡಿರುತ್ತದೆ.

ಹಲ್ಲಿನ ತೊಂದರೆ ಅಂತ ಗುರುತಿಸುವುದು ಹೇಗೆ?

ಮೇವು ಅಗಿಯುವಾಗ ಅರ್ಧ ಜಗಿದ ಉಂಡೆಗಳು ಕೆಳಗೆ ಬೀಳುತ್ತವೆ. ಬಾಯಿ ವಾಸನೆ ಬರುತ್ತದೆ. ಒಂದೇ ಕಡೆಗೆ ತಿರುಗಲು ಹಟ ಮಾಡುತ್ತದೆ. ಬ್ರೈಡಲ್ ಹಾಕುವಾಗ ತಲೆ ಮೇಲೆತ್ತುತ್ತದೆ, ಸವಾರಿಯಲ್ಲಿ ತಲೆ ಕೊಡವುತ್ತದೆ. ಕೆಲವು ಪೋನಿಗಳು ಇದ್ಯಾವುದನ್ನೂ ತೋರಿಸುವುದಿಲ್ಲ, ಸುಮ್ನೆ ಜಗ್ಗುತ್ತವೆ.

ಕುದುರೆಯ ಹಲ್ಲು ವರ್ಷಕ್ಕೆ 2-3 ಮಿಲಿಮೀಟರ್‌ನಷ್ಟು ಹೊರಗೆ ಬರುತ್ತಲೇ ಇರುತ್ತದೆ, ಅಗಿಯುತ್ತಾ ಸವೆಯುತ್ತಲೂ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಅದಕ್ಕೇ ಮೇಲಿನ ಹಲ್ಲುಗಳ ಹೊರ ಅಂಚು ಪೂರ್ತಿ ಸವೆಯದೆ ಚೂಪಾಗಿ ಉಳಿದು ಕೆನ್ನೆಗೆ ಚುಚ್ಚುತ್ತದೆ. ಕೆಳಗಿನ ಹಲ್ಲುಗಳ ಒಳ ಅಂಚು ನಾಲಿಗೆಗೆ ತಾಗುತ್ತದೆ. ದವಡೆ ಹಲ್ಲಿನ ಮುಂದೆ ವುಲ್ಫ್ ಟೂತ್ ಅನ್ನುವ ಪುಟ್ಟ ಹಲ್ಲು ಇದ್ದರೆ ಬಿಟ್ ಅದಕ್ಕೂ ಬಡಿಯಬಹುದು. ಬೇಕಿದ್ದರೆ ಪಶುವೈದ್ಯರು ಅದನ್ನು ತೆಗೆಯುತ್ತಾರೆ. ವರ್ಷಕ್ಕೊಮ್ಮೆಯಾದರೂ ಹಲ್ಲು ನೋಡಿಸಿ. 5 ವರ್ಷದೊಳಗಿನ ಪೋನಿಗೆ ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುತ್ತದೆ, ಅದಕ್ಕೆ 6 ತಿಂಗಳಿಗೊಮ್ಮೆ ಬೇಕು. ಅಂಥ ಎಳೆಯ ಪೋನಿಯ ಮೇಲೆ ಹೊಸ ಸವಾರನನ್ನು ಕೂರಿಸುವುದೇ ತಪ್ಪು ಅನ್ನುವುದು ಬೇರೆ ಮಾತು.

ಅಳತೆ ತೆಗೆಯುವುದು ಹೇಗೆ?

ಒಂದು ಗಟ್ಟಿ ದಾರ ತೆಗೆದುಕೊಂಡು ಬಿಟ್ ಕೂರುವ ಜಾಗದಲ್ಲಿ ಬಾಯಿಗೆ ಅಡ್ಡ ಹಾಯಿಸಿ. ಎರಡೂ ಕಟಬಾಯಿಯ ಹತ್ತಿರ ಪೆನ್ನಿನಿಂದ ಗುರುತು ಹಾಕಿ, ಹೊರಗೆ ತೆಗೆದು ಸ್ಕೇಲಿನ ಮೇಲೆ ಇಡಿ. ದಾರ ಬಿಗಿಯಾಗಿ ನೆಟ್ಟಗಿರಲಿ, ನಾಲಿಗೆಯ ಮೇಲೆ ಕಮಾನಿನ ಹಾಗೆ ಬಾಗಿದರೆ ಅಳತೆ ಜಾಸ್ತಿ ಬರುತ್ತದೆ. ಉಂಗುರ ಅಲುಗಾಡುವ ಲೂಸ್ ರಿಂಗ್ ಆದರೆ ಎರಡೂ ಕಡೆ ಸುಮಾರು 5 ಮಿಲಿಮೀಟರ್ ಬಿಡಬೇಕು, ಇಲ್ಲದಿದ್ದರೆ ತುಟಿ ಸಿಕ್ಕಿಕೊಳ್ಳುತ್ತದೆ. ಎಗ್‌ಬಟ್‌ನಂಥ ಅಲುಗಾಡದ ಉಂಗುರವಾದರೆ ಕೆನ್ನೆಗೆ ಒತ್ತದೆ ತಾಗಿಕೊಂಡಿದ್ದರೆ ಸಾಕು. ಪೋನಿಗಳಿಗೆ ಸಾಮಾನ್ಯವಾಗಿ ನಾಲ್ಕೂವರೆಯಿಂದ 5 ಇಂಚು ಸರಿಹೋಗುತ್ತದೆ, ತೀರಾ ಪುಟ್ಟವಕ್ಕೆ ಇನ್ನೂ ಕಡಿಮೆ.

ಜಗ್ಗುವ ಪೋನಿಗಳಲ್ಲಿ ನಾನು ಹೆಚ್ಚು ಕಂಡ ತಪ್ಪು ಬಿಟ್ ಅಗಲವಾಗಿರುವುದು. ಒಂದು ಕಡೆ ಎಳೆದರೆ ಪೂರ್ತಿ ಅತ್ತ ಜಾರುತ್ತದೆ, ಕೀಲು ಬಾಯಿಯ ನಡುವೆ ಇರುವುದೇ ಇಲ್ಲ. ಪಕ್ಕದ ಮನೆಯ ದೊಡ್ಡ ಕುದುರೆಗೆ ಸಾಲದೆ ಹೋದದ್ದನ್ನು ತಂದು ಹಾಕಿರುತ್ತಾರೆ, ದುಡ್ಡು ಉಳೀತು ಅಂತ.

ಎತ್ತರದ ಬಗ್ಗೆ "ಕಟಬಾಯಲ್ಲಿ ಎರಡು ಸುಕ್ಕು ಕಾಣಬೇಕು" ಅನ್ನುವ ಹಳೆಯ ಲೆಕ್ಕ ಇದೆ. ತುಟಿ ದಪ್ಪ ಇರುವ ಪೋನಿಗೆ ಆ ಲೆಕ್ಕ ನಂಬಬೇಡಿ. ಬಿಟ್ ಕಟಬಾಯಿಗೆ ಹಿತವಾಗಿ ತಾಗಿಕೊಂಡಿರಲಿ, ತುಟಿ ನಗುತ್ತಿರುವ ಹಾಗೆ ಮೇಲಕ್ಕೆ ಎಳೆದುಕೊಂಡಿರಬಾರದು.

ಹೊಸ ಸವಾರನಿಗೆ ಯಾವುದರಿಂದ ಶುರು ಮಾಡಲಿ?

ಸ್ನಾಫಲ್‌ನಿಂದ. ಲಗಾಮು ಎಷ್ಟು ಎಳೆಯಿತೋ ಅಷ್ಟೇ ಬಾಯಿಗೆ ಮುಟ್ಟುತ್ತದೆ, ಸನ್ನೆಕೋಲು ಇಲ್ಲ. ಆದರೆ ಸ್ನಾಫಲ್ ಅಂದ ಮಾತ್ರಕ್ಕೆ ಮೃದು ಅಲ್ಲ. ತಂತಿ ಹೊಸೆದು ಮಾಡಿದ ಸ್ನಾಫಲ್‌ಗಳೂ ಇವೆ. ಅವು ಮಗುವಿನ ಕೈಗೆ ಹೋಗಲೇಬಾರದು.

ನಾನು ಆರಿಸುವುದು ಎಗ್‌ಬಟ್ ಅಥವಾ ಫುಲ್ ಚೀಕ್, ಒಳಗೆ ಎರಡು ಕೀಲು, ನಡುವೆ ನುಣುಪಾದ ಕಾಳಿನಂಥ ತುಂಡು. ಕಾರಣ ಹೇಳುತ್ತೇನೆ. ಒಂದೇ ಕೀಲಿನದು ಎಳೆದಾಗ ಅಡಕತ್ತರಿಯ ಹಾಗೆ ಮಡಚಿ ನಾಲಿಗೆಯನ್ನು ಎರಡೂ ಬದಿಯಿಂದ ಹಿಂಡುತ್ತದೆ. ಎರಡು ಕೀಲಿನದು ನಾಲಿಗೆಯ ಮೇಲೆ ಬಳಸಿಕೊಂಡು ಕೂರುತ್ತದೆ. ಲೂಸ್ ರಿಂಗ್ ಸವಾರನ ಕೈಯ ಸಣ್ಣ ನಡುಕವನ್ನೂ ಬಾಯಿಗೆ ದಾಟಿಸುತ್ತದೆ, ಎಗ್‌ಬಟ್ ಅಷ್ಟು ಗಲಾಟೆ ಮಾಡುವುದಿಲ್ಲ. ಫುಲ್ ಚೀಕ್‌ನ ಎರಡೂ ಬದಿಯಲ್ಲಿ ಮೇಲೆ ಕೆಳಗೆ ಉದ್ದ ಕಡ್ಡಿ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಎಡಗಡೆಯ ಕಡ್ಡಿ ಕೆನ್ನೆಯನ್ನು ಬಲಕ್ಕೆ ತಳ್ಳುತ್ತದೆ. ತಿರುಗದೆ ನೇರ ನುಗ್ಗುವ ಪೋನಿಗೆ ಇದು ತುಂಬಾ ಸಹಾಯ. ಎಷ್ಟೋ ಸಲ "ನಿಲ್ಲುವುದಿಲ್ಲ" ಅನ್ನುವ ದೂರಿನ ಹಿಂದೆ "ತಿರುಗುವುದಿಲ್ಲ" ಅನ್ನುವುದೇ ಇರುತ್ತದೆ. ತಿರುಗಿಸಲು ಬಂದರೆ ನಿಲ್ಲಿಸುವುದು ಅರ್ಧ ಬಂದ ಹಾಗೆ. ಕಡ್ಡಿ ಎಲ್ಲೂ ಸಿಕ್ಕಿಕೊಳ್ಳದ ಹಾಗೆ ಮೇಲಿನ ತುದಿಗೆ ಚರ್ಮದ ಕುಣಿಕೆ ಹಾಕಿ.

ಅಂಗಡಿಯಲ್ಲಿ ಒಂದು ಕಡೆ ಹುಷಾರು. ನಡುವಿನ ತುಂಡು ಚಪ್ಪಟೆಯಾಗಿರುವ ಎರಡು ಜಾತಿ ಇವೆ. ಫ್ರೆಂಚ್ ಲಿಂಕ್‌ನ ತುಂಡು ನಾಲಿಗೆಯ ಮೇಲೆ ಮಲಗುತ್ತದೆ. ಡಾಕ್ಟರ್ ಬ್ರಿಸ್ಟಲ್‌ನ ತುಂಡು ಓರೆಯಾಗಿ ನಿಂತು ಅಂಚಿನಿಂದ ಒತ್ತುತ್ತದೆ. ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ಕೈಯಲ್ಲಿ ಹಿಡಿದು, ಬಾಯಲ್ಲಿ ಕೂರುವ ಹಾಗೆ ಮುಂಗೈ ಮೇಲೆ ಇಟ್ಟು ಎಳೆದು ನೋಡಿ, ವ್ಯತ್ಯಾಸ ಚರ್ಮಕ್ಕೇ ಗೊತ್ತಾಗುತ್ತದೆ.

ಲೋಹ ಯಾವುದು ಅನ್ನುವುದಕ್ಕೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಸಾಕು. ರಬ್ಬರಿನದು ಹಾಕಿದರೆ ಪೋನಿ ಕಚ್ಚಿ ಹರಿದಿದೆಯಾ ಅಂತ ಆಗಾಗ ನೋಡಬೇಕು.

ದಪ್ಪ ಬಿಟ್ ಮೃದು, ತೆಳು ಬಿಟ್ ಚುರುಕು ಅಂತಾರಲ್ಲ?

ಲೆಕ್ಕದ ಪ್ರಕಾರ ಸರಿ. ಅದೇ ಎಳೆತ ಹೆಚ್ಚು ಜಾಗಕ್ಕೆ ಹಂಚಿದರೆ ಒತ್ತಡ ಕಡಿಮೆ. ಆದರೆ ಪೋನಿಗಳ ಬಾಯಿ ಚಿಕ್ಕದು, ನಾಲಿಗೆ ದಪ್ಪ, ಅಂಗುಳ ತಗ್ಗು. ತುಂಬಾ ದಪ್ಪದ್ದು ತುರುಕಿದರೆ ಬಾಯಿ ಮುಚ್ಚಲೂ ಆಗುವುದಿಲ್ಲ, ಎಂಜಲು ನುಂಗಲೂ ಆಗುವುದಿಲ್ಲ. ಪಾಪ ಅಂತ ದಪ್ಪ ಬಿಟ್ ಹಾಕಿದ್ದೇ ಜಗ್ಗಾಟಕ್ಕೆ ಕಾರಣ ಆದದ್ದನ್ನು ನೋಡಿದ್ದೇನೆ. ಹೆಚ್ಚಿನ ಪೋನಿಗಳಿಗೆ 12ರಿಂದ 14 ಮಿಲಿಮೀಟರ್ ಹಿತವಾಗಿರುತ್ತದೆ.

ಎಲ್ಲ ನೋಡಿದ್ದಾಯಿತು, ಆದರೂ ನಿಲ್ಲುವುದಿಲ್ಲ. ಪೆಲ್ಹಮ್, ಕಿಂಬಲ್‌ವಿಕ್, ಗ್ಯಾಗ್ ಇವುಗಳಲ್ಲಿ ಯಾವುದು?

ಇಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಸ್ನಾಫಲ್ ಬಿಟ್ಟು ಬೇರೆ ಮುಟ್ಟಿದರೆ ಪಾಪ ಅನ್ನುವ ಹಾಗೆ ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ಮಗು ದಿನವೂ ಎರಡು ಕೈಯಲ್ಲಿ ಸ್ನಾಫಲ್ ಹಿಡಿದು ಶಕ್ತಿಯೆಲ್ಲ ಹಾಕಿ ಜಗ್ಗುವುದಕ್ಕಿಂತ, ಒಂದು ಸಲ ಕೇಳಿದರೆ ನಿಲ್ಲುವಂಥ ಬಿಟ್ ಹಾಕಿ ತಕ್ಷಣ ಸಡಿಲ ಬಿಡುವುದು ಬಾಯಿಗೂ ಮೇಲು, ಮಗುವಿನ ಜೀವಕ್ಕೂ ಮೇಲು. ಒಂದೇ ಷರತ್ತು. ಕೈ ಸ್ವಲ್ಪವಾದರೂ ಸ್ಥಿರವಾಗಿರಬೇಕು.

ನನ್ನ ಆಯ್ಕೆ ಕಿಂಬಲ್‌ವಿಕ್. ಡಿ ಆಕಾರದ ಉಂಗುರ, ಗದ್ದದ ಕೆಳಗೆ ಕರ್ಬ್ ಚೈನ್, ಲಗಾಮು ಒಂದೇ. ಸನ್ನೆಕೋಲು ಗಿಡ್ಡವಾದ್ದರಿಂದ ಒತ್ತಡ ವಿಪರೀತಕ್ಕೆ ಹೋಗುವುದಿಲ್ಲ. ಲಗಾಮು ಕಟ್ಟಲು ಸೀಳುಗಳಿರುವ ಮಾದರಿ ಸಿಕ್ಕರೆ ಮೊದಲು ಮೇಲಿನ ಸೀಳಿಗೆ ಕಟ್ಟಿ. ಅದರಲ್ಲೇ ಸಾಕಾದರೆ ಕೆಳಗಿನದು ಮರೆತುಬಿಡಿ. ಇದರ ದೋಷ ಒಂದಿದೆ: ದಿನಾ ಹಾಕಿದರೆ ಕೆಲವು ಪೋನಿಗಳು ಅದರ ಮೇಲೆ ಭಾರ ಬಿಟ್ಟು ಒರಗುವುದನ್ನು ಕಲಿಯುತ್ತವೆ.

ಪೆಲ್ಹಮ್‌ಗೆ ಎರಡು ಲಗಾಮು. ಒಂದು ಸ್ನಾಫಲ್‌ನ ಹಾಗೆ, ಇನ್ನೊಂದು ಗದ್ದದ ಚೈನ್ ಬಿಗಿಯುವ ಕರ್ಬ್‌ಗೆ. ಬಲ್ಲವರ ಕೈಯಲ್ಲಿ ಚೆಂದ. 8 ವರ್ಷದ ಮಗುವಿನ ಕೈಯಲ್ಲಿ ನಾಲ್ಕು ಪಟ್ಟಿ ಕೊಟ್ಟರೆ ಅದು ಗಂಟು ಬಿಡಿಸುವುದರಲ್ಲೇ ಇರುತ್ತದೆ. ಎರಡೂ ಉಂಗುರಗಳನ್ನು ಚಿಕ್ಕ ಚರ್ಮದ ಪಟ್ಟಿಯಿಂದ ಜೋಡಿಸಿ ಒಂದೇ ಲಗಾಮು ಕಟ್ಟುವುದುಂಟು. ಶಾಸ್ತ್ರ ಬಲ್ಲವರಿಗೆ ಇದು ಹಿಡಿಸುವುದಿಲ್ಲ, ಯಾಕೆಂದರೆ ಎರಡು ಕೆಲಸವೂ ಕಲಸಿಹೋಗುತ್ತವೆ. ಮಗುವಿಗೆ ಅಡ್ಡಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಗ್ಯಾಗ್ ಬೇಡ. ಮೂರು ಉಂಗುರದ ಗ್ಯಾಗ್‌ಗೆ ಕರ್ಬ್ ಚೈನ್ ಇಲ್ಲದೆ ಹೋದರೆ ಬಿಟ್ ತಿರುಗುವುದನ್ನು ತಡೆಯುವುದು ಯಾವುದೂ ಇಲ್ಲ. ಎಳೆದಷ್ಟೂ ತಿರುಗುತ್ತದೆ, ಬಿಟ್‌ ಬಾಯಲ್ಲಿ ಮೇಲೇರುತ್ತದೆ, ನೆತ್ತಿಯನ್ನು ಕೆಳಗೆ ಎಳೆಯುತ್ತದೆ. ಮೇಲಕ್ಕೆ, ಕೆಳಕ್ಕೆ ಎರಡೂ ಹೇಳಿದರೆ ಪೋನಿ ಯಾವುದನ್ನು ಕೇಳಬೇಕು? ಅದಕ್ಕಿಂತ ದೊಡ್ಡ ತೊಂದರೆ, ಕೈ ಸಡಿಲ ಬಿಟ್ಟರೂ ಒತ್ತಡ ನಿಧಾನವಾಗಿ ಇಳಿಯುತ್ತದೆ. ನಿಂತಿದ್ದಕ್ಕೆ ಬಹುಮಾನ ತಡವಾಗಿ ಸಿಗುತ್ತದೆ. ನನ್ನ ಕಂದು ಪೋನಿ ಪಾಠ ಕಲಿಸಿದ್ದು ಇದನ್ನೇ.

ಕರ್ಬ್ ಚೈನ್ ಎಷ್ಟು ಬಿಗಿ ಇರಬೇಕು?

ಬಿಟ್‌ನ ಬದಿಯ ತೋಳು ಹಿಂದಕ್ಕೆ ಸುಮಾರು 45 ಡಿಗ್ರಿ ಬಂದಾಗ ಚೈನ್ ಗದ್ದಕ್ಕೆ ತಾಗಬೇಕು. ತೀರಾ ಸಡಿಲ ಇದ್ದರೆ ಬಿಟ್ ಉರುಳಿಹೋಗುತ್ತದೆ, ಬಿಗಿ ಇದ್ದರೆ ಮಗು ಉಸಿರಾಡಿದರೂ ಒತ್ತುತ್ತದೆ. ಕೊಂಡಿಗಳನ್ನು ಬಲಕ್ಕೆ ತಿರುವುತ್ತಾ ಹೋದರೆ ಚೈನ್ ಚಪ್ಪಟೆಯಾಗಿ ಮಲಗುತ್ತದೆ. ತಿರುಚಿಕೊಂಡ ಚೈನ್ ಹಾಕಲೇಬಾರದು. ಮೇಲೆ ರಬ್ಬರಿನ ಅಥವಾ ಚರ್ಮದ ಕವಚ ತೊಡಿಸಿ.

ತಲೆ ಕೆಳಗೆ ಹಾಕಿ ಹುಲ್ಲಿಗೆ ಎಳೆಯುತ್ತದೆ, ಮಗು ಕುತ್ತಿಗೆ ಮೇಲೆ ಜಾರುತ್ತದೆ. ಇದಕ್ಕೆ ಯಾವ ಬಿಟ್?

ಯಾವ ಬಿಟ್ಟೂ ಅಲ್ಲ. ಗ್ರಾಸ್ ರೇನ್ ಹಾಕಿ. ಜೀನಿನ ಮುಂಭಾಗದ ಡಿ ಕೊಂಡಿಯಿಂದ ಬಿಟ್‌ನ ಉಂಗುರಕ್ಕೆ ಕಟ್ಟುವ ದಾರ ಅಷ್ಟೇ. ತಲೆ ಸಹಜವಾಗಿ ಆಡಲು ಬಿಡಬೇಕು, ನೆಲ ಮುಟ್ಟಲು ಬಿಡಬಾರದು. ಜಿಗಿಯುವಾಗ ಬಿಚ್ಚಿಡಿ. ನೆತ್ತಿಯನ್ನು ಒತ್ತುವ ಬಿಟ್‌ಗಳು ತಲೆಯನ್ನು ಇನ್ನೂ ಕೆಳಗೆ ಕರೆಯುತ್ತವೆ, ಆದ್ದರಿಂದ ಇಂಥ ಪೋನಿಗೆ ಅವು ಹೊಂದುವುದಿಲ್ಲ.

ಬಾಯಿ ತೆರೆದು ತಪ್ಪಿಸಿಕೊಳ್ಳುತ್ತದೆ. ಮೂಗುಪಟ್ಟಿ ಬಿಗಿ ಮಾಡಲಾ?

ಮೂಗಿನ ಎಲುಬಿನ ಮೇಲೆ, ಮುಂಭಾಗದಲ್ಲಿ, ದೊಡ್ಡವರ ಎರಡು ಬೆರಳು ಆರಾಮಾಗಿ ಹೋಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಬಾಯಿ ತೆರೆಯುವುದು ನಿಲ್ಲುತ್ತದೆ, ಕಾರಣ ನಿಲ್ಲುವುದಿಲ್ಲ. ಚೂಪು ಹಲ್ಲು ಇದ್ದರಂತೂ ಕೆನ್ನೆ ಅದಕ್ಕೆ ಒತ್ತಿ ಗಾಯ ಇನ್ನೂ ಆಳವಾಗುತ್ತದೆ.

ಬಿಟ್ಟೇ ಇಲ್ಲದ ಬ್ರೈಡಲ್ ಹಾಕಬಹುದಾ?

ಬೇಲಿ ಹಾಕಿದ ಅಂಗಳದಲ್ಲಿ, ಕಲಿಸುವವರು ಪಕ್ಕದಲ್ಲಿದ್ದಾಗ, ಮೂಗುಪಟ್ಟಿಯ ಎರಡು ಬದಿಗೆ ಲಗಾಮು ಕಟ್ಟುವ ಸೈಡ್‌ಪುಲ್ ಚೆನ್ನಾಗಿಯೇ ಇರುತ್ತದೆ. ಬಾಯಿ ಗಾಯ ಆರುವವರೆಗೆ ನಾವೂ ಅದನ್ನೇ ಹಾಕಿದ್ದೆವು. ಆದರೆ ಬಿಟ್ ಇಲ್ಲ ಅಂದರೆ ನೋವಿಲ್ಲ ಅಂತಲ್ಲ. ಉದ್ದ ತೋಳಿನ ಮೆಕ್ಯಾನಿಕಲ್ ಹ್ಯಾಕಮೋರ್ ಮೂಗಿಗೂ ಗದ್ದಕ್ಕೂ ಒಟ್ಟಿಗೆ ಹಿಡಿ ಹಾಕುತ್ತದೆ, ತಿರುಗಿಸಲು ಮಾತ್ರ ಅಷ್ಟು ಬರುವುದಿಲ್ಲ.

ತಪ್ಪು ಮಗುವಿನ ಕೈಯದ್ದಾ?

ತಪ್ಪು ಅನ್ನಬೇಡಿ, ಇನ್ನೂ ಕಲಿಯುತ್ತಿದೆ. ದೇಹ ಗಟ್ಟಿಯಾಗಿ ಕೂರುವವರೆಗೆ ಕೈ ಸುಮ್ಮನಿರಲು ಸಾಧ್ಯವಿಲ್ಲ. ಜೀನಿನ ಮೇಲೆ ಸಮತೋಲ ತಪ್ಪಿದ ಕೂಡಲೇ ಕೈ ಹುಡುಕುವುದು ಲಗಾಮನ್ನು. ಅದಕ್ಕೆ ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿ, ಹಳೆಯ ರಿಕಾಪಿನ ಪಟ್ಟಿ ಆದರೂ ಸಾಕು. ತಪ್ಪಿದಾಗ ಹಿಡಿಯುವುದು ಅದನ್ನೇ ಅಂತ ರೂಢಿ ಮಾಡಿಸಿ. ವಾರಕ್ಕೊಂದು ಪಾಠ ಲಂಜ್ ಹಗ್ಗದ (ಕಲಿಸುವವರು ನಡುವೆ ನಿಂತು ಪೋನಿಯನ್ನು ಸುತ್ತ ತಿರುಗಿಸುವ ಉದ್ದ ಹಗ್ಗ) ಮೇಲೆ, ಮಗುವಿನ ಕೈಯಲ್ಲಿ ಲಗಾಮೇ ಇಲ್ಲದೆ ನಡೆಯಲಿ. ಇದರಿಂದ ಆಗುವ ಲಾಭ ಯಾವ ಬಿಟ್‌ನಿಂದಲೂ ಆಗುವುದಿಲ್ಲ.

ಮನೆಯಲ್ಲೇ ಒಂದು ಆಟ ಆಡಿಸಿ. ಲಗಾಮಿನ ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ಮಗು ಹಿಡಿಯಲಿ. ನೀವು ಒಂದೇ ಸಮ ಎಳೆಯಿರಿ. ಮಗು ತಾನಾಗಿಯೇ ಹಿಂದಕ್ಕೆ ವಾಲಿ ಎಳೆಯುತ್ತದೆ. ಈಗ ಬೆರಳು ಮುಚ್ಚಿ, ತೆರೆಯಿರಿ, ಮತ್ತೆ ಮುಚ್ಚಿ. ಒರಗಲು ಏನೂ ಸಿಗದೆ ಮಗು ನೆಟ್ಟಗೆ ನಿಲ್ಲುತ್ತದೆ. "ಪೋನಿಗೂ ಹೀಗೇ" ಅಂದರೆ ಸಾಕು, ಬೇರೆ ವಿವರಣೆ ಬೇಡ.

ಮೇವಿಗೂ ಜಗ್ಗುವುದಕ್ಕೂ ಸಂಬಂಧ ಇದೆಯಾ?

ಇದೆ. ದಿನವೆಲ್ಲ ಲಾಯದಲ್ಲಿ ಕಟ್ಟಿ, ಧಾನ್ಯ ತಿನ್ನಿಸಿ, ಸಂಜೆ ಅರ್ಧ ಗಂಟೆ ಸವಾರಿಗೆ ಬಿಟ್ಟರೆ ಯಾವ ಪೋನಿಯಾದರೂ ಪುಟಿಯುತ್ತದೆ. ಹಗುರ ಕೆಲಸ ಮಾಡುವ ಪೋನಿಗೆ ಒಣಹುಲ್ಲು, ಖನಿಜ, ನೀರು ಸಾಕು. ಸವಾರಿಗೆ ಮುಂಚೆ ಬಯಲಿನಲ್ಲಿ ತಿರುಗಾಡಲು ಬಿಡಿ. ಜಾಸ್ತಿ ಧಾನ್ಯ, ಜಾಸ್ತಿ ಎಳೆ ಹುಲ್ಲಿನಿಂದ ಗೊರಸಿನ ಉರಿಯೂತ ಬರುವ ಭಯವೂ ಇದೆ.

ಪೋನಿ ಓಡಿಯೇಬಿಟ್ಟರೆ ಮಗು ಏನು ಮಾಡಬೇಕು?

ಎರಡೂ ಲಗಾಮು ಹಿಡಿದು ಒಂದೇ ಸಮ ಎಳೆಯಬಾರದು. ನೆಟ್ಟಗೆ ಕೂತು, ಎಳೆ, ಬಿಡು, ಎಳೆ, ಬಿಡು. ಜಾಗ ಇದ್ದರೆ ದೊಡ್ಡ ಸುತ್ತು ಹಾಕಿ ನಿಧಾನಕ್ಕೆ ಸುತ್ತನ್ನು ಕಿರಿದು ಮಾಡಬೇಕು. ವೇಗದಲ್ಲಿ ಗಕ್ಕನೆ ತಿರುಗಿಸಿದರೆ ಪೋನಿ ಜಾರಿ ಬೀಳಬಹುದು. ಇದನ್ನು ನಡಿಗೆಯಲ್ಲಿ, ಟ್ರಾಟ್‌ನಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿಸಿ. ಗಾಬರಿಯಲ್ಲಿ ನೆನಪಾಗುವುದು ಕೈಗೆ ರೂಢಿಯಾದದ್ದು ಮಾತ್ರ.

ಅಂಗಳಕ್ಕೊಂದು, ಬಯಲಿಗೊಂದು ಅಂತ ಎರಡು ಬಿಟ್ ಇಟ್ಟುಕೊಳ್ಳಬಹುದಾ?

ಖಂಡಿತ. ಇದು ಹೊಸ ಮಾತೂ ಅಲ್ಲ. 2,300 ವರ್ಷಕ್ಕೂ ಹಿಂದೆ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆಯವನ ಹತ್ತಿರ ಕನಿಷ್ಠ ಎರಡು ಬಿಟ್ ಇರಬೇಕು, ಒಂದು ನುಣುಪು, ಒಂದು ಒರಟು ಅಂತ ಬರೆದಿದ್ದ. ಅವನ ಕಾಲದ ಮುಳ್ಳಿನ ಬಿಟ್ ನಮಗೆ ಬೇಡ, ಯೋಚನೆ ಮಾತ್ರ ತೆಗೆದುಕೊಳ್ಳೋಣ. ಅಂಗಳದಲ್ಲಿ ಸ್ನಾಫಲ್, ಬೇರೆ ಕುದುರೆಗಳ ಜೊತೆ ಬಯಲಿಗೆ ಹೋದಾಗ ಕಿಂಬಲ್‌ವಿಕ್. ಸ್ಪರ್ಧೆ ಇದ್ದರೆ ಅಲ್ಲಿನ ನಿಯಮ ಮೊದಲೇ ಓದಿ. ಡ್ರೆಸಾಜ್ ಅನ್ನುವ, ಕುದುರೆಯ ಶಿಸ್ತಿನ ನಡೆಗಳ ಸ್ಪರ್ಧೆಯ ಆರಂಭದ ಹಂತಗಳಲ್ಲಿ ಸ್ನಾಫಲ್ ಕೇಳುತ್ತಾರೆ.

ಹೊಸ ಬಿಟ್ ಹೊಂದಿದೆ ಅಂತ ಗೊತ್ತಾಗುವುದು ಹೇಗೆ?

ಮೊದಲ ಸಲ ಕಲಿಸುವವರೋ, ಹಗುರಾದ ಅನುಭವಿ ಸವಾರರೋ ಹತ್ತಿ ನೋಡಲಿ. 10-15 ನಿಮಿಷ, ಬೇಲಿಯೊಳಗೆ. ಬಾಯಿ ಮುಚ್ಚಿದ್ದು, ತಲೆ ಸುಮ್ಮನಿದ್ದು, ಸಣ್ಣ ಕರೆಗೆ ನಿಧಾನವಾದರೆ ಒಳ್ಳೆಯದು. ಬಿಟ್‌ಗೆ ಹೆದರಿ ಗದ್ದವನ್ನು ಎದೆಗೆ ಒತ್ತಿಕೊಂಡು ನಿಂತರೆ ಅದನ್ನು ವಿಧೇಯತೆ ಅಂದುಕೊಳ್ಳಬೇಡಿ. ಇಳಿದ ಮೇಲೆ ಕಟಬಾಯಿ, ನಾಲಿಗೆ, ವಸಡು, ಗದ್ದದ ತಗ್ಗು ನೋಡಿ. ಕೆಂಪಾಗಿದ್ದರೆ ಬಿಟ್ ತೆಗೆದಿಡಿ.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ?

ಕೆಲವು ಪೋನಿಗಳು ಹೊಸಬರಿಗಲ್ಲ. ಹಲ್ಲು, ಜೀನು, ಮೇವು ಎಲ್ಲ ಸರಿಯಿದ್ದು, ಕಲಿಸುವವರೇ ಕೂತರೂ ಜಗ್ಗಿದರೆ ಆ ಪೋನಿಗೆ ಬೇಕಾದದ್ದು ಅನುಭವಿ ಸವಾರ. ಮಗುವಿಗೆ ನಿಧಾನದ ಇನ್ನೊಂದು ಪೋನಿ ಹುಡುಕಿ. ಇದನ್ನು ಒಪ್ಪಿಕೊಳ್ಳಲು ನಮಗೆ 8 ತಿಂಗಳು ಬೇಕಾಯಿತು, ಅಷ್ಟರಲ್ಲಿ ಹುಡುಗಿ ಲಾಯದ ದಾರಿಯಲ್ಲೇ ಅಳಲು ಶುರು ಮಾಡಿದ್ದಳು.

ಬಿಟ್‌ನ ಆರೈಕೆ ಹೇಗೆ? ಯಾವಾಗ ಬದಲಿಸಬೇಕು?

ಸವಾರಿ ಮುಗಿದ ಕೂಡಲೇ ನೀರಲ್ಲಿ ತೊಳೆಯಿರಿ. ಜೊಲ್ಲು, ಹುಲ್ಲು ಒಣಗಿ ಅಂಟಿಕೊಂಡರೆ ಮರುದಿನ ಅದೇ ಕಟಬಾಯನ್ನು ಉಜ್ಜುತ್ತದೆ. ಪಾಲಿಶ್ ಬಾಯೊಳಗೆ ಹೋಗುವ ಭಾಗಕ್ಕೆ ಬೇಡ. ತಿಂಗಳಿಗೊಮ್ಮೆ ಉಂಗುರ ತೂರುವ ತೂತಿನ ಅಂಚಿಗೆ, ಕೀಲಿನ ಸುತ್ತ ಹೆಬ್ಬೆರಳು ಸವರಿ ನೋಡಿ. ಸವೆದು ಚೂಪಾಗಿದ್ದು ಉಗುರಿಗೆ ತಡೆದರೆ ಅದನ್ನು ಬಿಸಾಡಿ. ಬೇರೆಯವರಿಗೆ ಕೊಡಬೇಡಿ.